ರೀಸೆಟ್ ಒತ್ತುವ ಮುನ್ನ: ಫೈಬರ್ ಸಂಪರ್ಕದ ರೌಟರ್ ದೋಷ ಹುಡುಕುವ ಕ್ರಮ

ಇಂಟರ್ನೆಟ್ ನಿಂತ ಕೂಡಲೇ ರೌಟರ್‌ನ ಹಿಂಬದಿಯ ಸಣ್ಣ ತೂತಿಗೆ ಪಿನ್ನು ಚುಚ್ಚುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಮೊದಲು ಅದನ್ನು ಬಿಡಬೇಕು. ಆ ರೀಸೆಟ್ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಲಾಗಿನ್ ಹೆಸರು, ಪಾಸ್‌ವರ್ಡ್, ವಿ-ಲ್ಯಾನ್ ಸಂಖ್ಯೆ (ಸಂಚಾರವನ್ನು ಬೇರ್ಪಡಿಸುವ ಗುರುತು, ಮುಂದೆ ವಿವರಿಸಿದೆ), ವೈಫೈ ಹೆಸರು ಎಲ್ಲವೂ ಅಳಿಸಿಹೋಗಿ ಪೆಟ್ಟಿಗೆ ಕಾರ್ಖಾನೆಯಿಂದ ಹೊರಟಾಗಿನ ಸ್ಥಿತಿಗೆ ಮರಳುತ್ತದೆ. ಕಂಬದ ಮೇಲೆ ಕೊಂಬೆ ಬಿದ್ದು ಫೈಬರ್ ತುಂಡಾಗಿದ್ದಷ್ಟೇ ತೊಂದರೆಯಾಗಿದ್ದರೆ, ಈಗ ಅದರ ಜತೆಗೆ ಇನ್ನೊಂದು ಸೇರಿತು. ಲೈನ್‌ಮನ್ ಬಂದು ಫೈಬರ್ ಬೆಸೆದು ಹೋದ ಮೇಲೂ ಸಂಪರ್ಕ ಬರುವುದಿಲ್ಲ, ಏಕೆ ಬರುತ್ತಿಲ್ಲ ಎಂಬುದು ಅವರಿಗೂ ತಿಳಿಯುವುದಿಲ್ಲ. ವಿದ್ಯುತ್ ಆರಿಸಿ ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕುವುದು ಬೇರೆ ಮಾತು. ಅದರಿಂದ ಉಳಿಸಿಟ್ಟ ಯಾವ ಸೆಟ್ಟಿಂಗ್ ಕೂಡ ಅಳಿಸುವುದಿಲ್ಲ, ಧಾರಾಳವಾಗಿ ಮಾಡಬಹುದು.

ಇಲ್ಲಿ ಹೇಳುವ ಕ್ರಮ ಮನೆ, ಅಂಗಡಿ, ಸಣ್ಣ ಕಚೇರಿಗಳಿಗೆ ಬರುವ ಫೈಬರ್ ಸಂಪರ್ಕಕ್ಕೆ ಸಂಬಂಧಿಸಿದ್ದು. ಕರ್ನಾಟಕದ ಊರುಗಳಲ್ಲಿ ಇಂದು ಹೆಚ್ಚಾಗಿ ಕಾಣುವುದು ಜಿಪಾನ್ ಎಂಬ ತಂತ್ರಜ್ಞಾನ: ಸೇವಾದಾರರ ಕಡೆ ಓಎಲ್‌ಟಿ ಎಂಬ ಯಂತ್ರ, ನಿಮ್ಮ ಮನೆಯಲ್ಲಿ ಓಎನ್‌ಟಿ ಎಂಬ ಪೆಟ್ಟಿಗೆ (ಹೆಚ್ಚಾಗಿ ರೌಟರ್ ಕೂಡ ಇದರೊಳಗೇ ಇರುತ್ತದೆ), ನಡುವೆ ಬೆಳಕನ್ನು ಹಂಚುವ ಸ್ಪ್ಲಿಟರ್‌ಗಳು. ದೋಷ ಹುಡುಕುವವರು ಬೆಳಕಿನಿಂದ ಆರಂಭಿಸಿ ಒಂದೊಂದೇ ಹಂತ ಮೇಲೆ ಬರಬೇಕು. ಬೆಳಕು ಬಂದಿದೆಯೇ, ಓಎನ್‌ಟಿ ನೋಂದಣಿಯಾಗಿದೆಯೇ, ಲಾಗಿನ್ ಆಗಿದೆಯೇ, ಐಪಿ ವಿಳಾಸ (ಜಾಲದಲ್ಲಿ ಸಾಧನವನ್ನು ಗುರುತಿಸುವ ಸಂಖ್ಯೆ) ಸಿಕ್ಕಿದೆಯೇ, ಜಾಲತಾಣದ ಹೆಸರು ಅಂಥ ವಿಳಾಸವಾಗಿ ಬದಲಾಗುತ್ತಿದೆಯೇ, ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ತುಂಡುಗಳು, ಇಡಿಯಾಗಿ ದಾಟುತ್ತಿವೆಯೇ. ಕೆಳಗಿನ ಹಂತ ಸರಿಯಿದೆ ಎಂದು ಖಾತ್ರಿಯಾಗದೆ ಮೇಲಿನದನ್ನು ಮುಟ್ಟಬೇಡಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ರಯೋಜನವಾಗದಿದ್ದರೆ ಅದನ್ನು ಹಿಂದಿನಂತೆಯೇ ಇಟ್ಟು ಮುಂದಕ್ಕೆ ಹೋಗಿ.

ಸಂಪರ್ಕ ಚೆನ್ನಾಗಿರುವಾಗಲೇ ಬರೆದಿಡಬೇಕಾದದ್ದು

ದೋಷ ಹುಡುಕುವ ಕೆಲಸ ಅರ್ಧ ಮುಗಿಯುವುದು ದೋಷ ಬರುವ ಮೊದಲೇ. ಇಂದು ಸಂಪರ್ಕ ಸರಿಯಾಗಿದ್ದರೆ ಈಗಲೇ ರೌಟರ್‌ನ ಪುಟ ತೆರೆಯಿರಿ. ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ 192.168.1.1 ಅಥವಾ 192.168.0.1 ಎಂದು ಹಾಕಿದರೆ ಸಾಮಾನ್ಯವಾಗಿ ತೆರೆದುಕೊಳ್ಳುತ್ತದೆ. ಸರಿಯಾದ ವಿಳಾಸ ಪೆಟ್ಟಿಗೆಯ ಅಡಿಯ ಚೀಟಿಯಲ್ಲಿ ಇರುತ್ತದೆ. ಒಳಗೆ ಹೋಗಿ ಐದು ಸಂಗತಿಗಳ ಚಿತ್ರ ತೆಗೆದಿಡಿ: ಆಪ್ಟಿಕಲ್ ಪವರ್ ತೋರಿಸುವ ಪುಟ, ವ್ಯಾನ್ (ಸೇವಾದಾರರ ಕಡೆಯ ಸಂಪರ್ಕ) ಪುಟದ ಎಲ್ಲ ನಮೂದುಗಳು, ವಿ-ಲ್ಯಾನ್ ಸಂಖ್ಯೆ, ಲಾಗಿನ್ ಹೆಸರು, ಲ್ಯಾನ್ (ಮನೆಯೊಳಗಿನ ಜಾಲ) ವಿಳಾಸ. ಲಾಗಿನ್ ಪಾಸ್‌ವರ್ಡ್ ಪುಟದಲ್ಲಿ ಚುಕ್ಕೆಗಳಾಗಿ ಕಾಣುತ್ತದೆ. ಅದನ್ನು ಸೇವಾದಾರರಿಂದಲೇ ಕೇಳಿ ಬರೆದಿಟ್ಟುಕೊಳ್ಳಿ. ಸೆಟ್ಟಿಂಗ್‌ಗಳ ಬ್ಯಾಕಪ್ ಕಡತ ಇಳಿಸಿಕೊಳ್ಳುವ ಸೌಲಭ್ಯ ಬಹುತೇಕ ರೌಟರ್‌ಗಳಲ್ಲಿದೆ. ಇದ್ದರೆ ಅದನ್ನೂ ಕಂಪ್ಯೂಟರ್‌ನಲ್ಲಿ ಉಳಿಸಿ.

ಮೊದಲ ಹಂತ: ದೀಪಗಳು

ಓಎನ್‌ಟಿಯ ಮುಂಭಾಗದ ದೀಪಗಳಲ್ಲಿ ಎರಡರ ಮೇಲೆ ಗಮನವಿರಲಿ. ಪಾನ್ ಎಂಬ ದೀಪ ಹಸಿರಾಗಿ ನಿಂತು ಉರಿಯುತ್ತಿದ್ದರೆ ಓಎನ್‌ಟಿಯನ್ನು ಸೇವಾದಾರರ ಯಂತ್ರ ಗುರುತಿಸಿ ಒಪ್ಪಿಕೊಂಡಿದೆ. ಅದು ಮಿನುಗುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಆದರೆ ನೋಂದಣಿ ಮುಗಿದಿಲ್ಲ. ಲಾಸ್ ಎಂಬ ದೀಪ ಕೆಂಪಾಗಿ ಮಿನುಗಿದರೆ ಬೆಳಕೇ ಬರುತ್ತಿಲ್ಲ ಅಥವಾ ಓದಲಾಗದಷ್ಟು ಕ್ಷೀಣವಾಗಿದೆ. ಕೆಂಪು ದೀಪ ಕಂಡಾಗ ರೌಟರ್‌ನ ಯಾವ ಸೆಟ್ಟಿಂಗ್ ಬದಲಿಸಿದರೂ ಉಪಯೋಗವಿಲ್ಲ. ಗೋಡೆಯ ಡಬ್ಬಿಯಿಂದ ಓಎನ್‌ಟಿಗೆ ಬರುವ ಹಳದಿ ಅಥವಾ ಬಿಳಿ ಪ್ಯಾಚ್ ಕಾರ್ಡ್ ನೋಡಿ: ಕಪಾಟಿನ ಹಿಂದೆ ಸಿಕ್ಕಿ ಚೂಪಾಗಿ ಮಡಚಿದೆಯೇ, ಇಲಿ ಕಚ್ಚಿದೆಯೇ, ಕನೆಕ್ಟರ್ ಪೂರ್ತಿ ಕೂತಿದೆಯೇ. ಬಿಚ್ಚಿದ ಫೈಬರ್ ತುದಿಯನ್ನು ಕಣ್ಣಿಗೆ ನೇರ ಹಿಡಿದು ನೋಡಬೇಡಿ. ಒಳಗಿನ ಲೇಸರ್ ಬೆಳಕು ಕಣ್ಣಿಗೆ ಕಾಣದ ತರಂಗಾಂತರದ್ದು, ಕಾಣುವುದಿಲ್ಲವೆಂದ ಮಾತ್ರಕ್ಕೆ ನಿರಪಾಯಕಾರಿಯಲ್ಲ.

ಇಷ್ಟರಲ್ಲಿ ಸರಿಹೋಗದಿದ್ದರೆ ನೇರವಾಗಿ ದೂರು ಕೊಡಿ. ಮಲೆನಾಡಿನ ಮಳೆಗಾಲದಲ್ಲಿ ಮರ ಬಿದ್ದು ತುಂಡಾಗುವುದು, ಕರೆಂಟ್ ಹೋದಾಗ ಓಎಲ್‌ಟಿಯ ಬ್ಯಾಟರಿ ಮುಗಿದು ಇಡೀ ಬೀದಿಯೇ ನಿಲ್ಲುವುದು ಸಾಮಾನ್ಯ. ಅದೇ ಸೇವಾದಾರರ ಸಂಪರ್ಕವಿರುವ ಪಕ್ಕದ ಮನೆಯವರನ್ನು ಒಂದು ಮಾತು ಕೇಳಿದರೆ ತೊಂದರೆ ನಿಮ್ಮ ಮನೆಯದೋ ಬೀದಿಯದೋ ಎಂಬುದು ತಿಳಿಯುತ್ತದೆ.

ಎರಡನೆಯ ಹಂತ: ಬೆಳಕಿನ ಅಳತೆ

ದೀಪ ಹಸಿರಾಗಿದ್ದ ಮಾತ್ರಕ್ಕೆ ಬೆಳಕು ಚೆನ್ನಾಗಿದೆ ಎಂದಲ್ಲ. ದಿನಕ್ಕೆ ನಾಲ್ಕೈದು ಬಾರಿ ಸಂಪರ್ಕ ಕಡಿದು ತಾನೇ ಮರಳುವ ತೊಂದರೆಗೆ ಬಹುಪಾಲು ಇಲ್ಲಿಯೇ ಕಾರಣ ಸಿಗುತ್ತದೆ, ಆದ್ದರಿಂದ ಈ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ರೌಟರ್ ಪುಟದಲ್ಲಿ ಆಪ್ಟಿಕಲ್ ಅಥವಾ ಪಾನ್ ಮಾಹಿತಿ ಎಂಬಲ್ಲಿ ಆರ್‌ಎಕ್ಸ್ ಪವರ್ ಎಂಬ ಸಂಖ್ಯೆ, ಅಂದರೆ ಓಎನ್‌ಟಿಗೆ ತಲುಪುತ್ತಿರುವ ಬೆಳಕಿನ ಅಳತೆ, ಇರುತ್ತದೆ. ಅದರ ಮಾನ ಡಿಬಿಎಂ, ಬೆಲೆ ಋಣಾತ್ಮಕ. ಜಿಪಾನ್‌ನ ಸಾಮಾನ್ಯ ದರ್ಜೆಯಲ್ಲಿ ಓಎನ್‌ಟಿ ಓದಬಲ್ಲ ಕನಿಷ್ಠ ಬೆಳಕು −27 ಡಿಬಿಎಂ. −8 ಕ್ಕಿಂತ ಹೆಚ್ಚಾದರೂ ಅದಕ್ಕೆ ತಡೆಯಲಾಗುವುದಿಲ್ಲ. −15 ರಿಂದ −24 ರ ನಡುವೆ ಇದ್ದರೆ ನೆಮ್ಮದಿ. −25, −26 ಎಂದರೆ ಅಂಚಿನ ಮೇಲಿದೆ: ಬಿಸಿಲಿಗೆ, ಗಾಳಿಗೆ, ಕನೆಕ್ಟರ್‌ನೊಳಗಿನ ತೇವಕ್ಕೆ ಅಳತೆ ಸ್ವಲ್ಪ ಕುಸಿದರೂ ಸಂಪರ್ಕ ಕಡಿಯುತ್ತದೆ. ಪ್ರತಿ 3 ಡಿಬಿ ಕುಸಿತಕ್ಕೆ ಬೆಳಕು ಅರ್ಧವಾಗುತ್ತದೆ ಎಂಬುದು ನೆನಪಿರಲಿ. −21 ರಿಂದ −27 ಕ್ಕೆ ಇಳಿದರೆ ನಾಲ್ಕರಲ್ಲಿ ಮೂರು ಪಾಲು ಬೆಳಕು ದಾರಿಯಲ್ಲೇ ಸೋರಿಹೋಗಿದೆ.

ಈ ಸಂಖ್ಯೆ ಎಲ್ಲಿಂದ ಬರುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಓಎಲ್‌ಟಿ +3 ಡಿಬಿಎಂ ಬೆಳಕು ಕಳುಹಿಸುತ್ತದೆ ಎನ್ನೋಣ. ಒಂದು ಫೈಬರ್ ಅನ್ನು 64 ಮನೆಗಳಿಗೆ ಹಂಚುವ ಸ್ಪ್ಲಿಟರ್‌ಗಳಲ್ಲಿ ಸುಮಾರು 20 ರಿಂದ 21 ಡಿಬಿ ಹೋಗುತ್ತದೆ. ನಾಲ್ಕೈದು ಕಿಲೋಮೀಟರ್ ಫೈಬರ್‌ನಲ್ಲಿ ಒಂದೂವರೆ, ಬೆಸುಗೆ ಮತ್ತು ಕನೆಕ್ಟರ್‌ಗಳಲ್ಲಿ ಇನ್ನೊಂದೂವರೆ. ನಿಮ್ಮ ಮನೆಗೆ ತಲುಪುವುದು −20 ಅಥವಾ −21. ಸಂಪರ್ಕ ಹಾಕಿಸಿದ ದಿನ −21 ಇದ್ದದ್ದು ಇಂದು −26 ಆಗಿದ್ದರೆ ಆ 5 ಡಿಬಿ ಸ್ಪ್ಲಿಟರ್‌ನಲ್ಲಿ ಹೋದದ್ದಾಗಿರುವುದು ಅಪರೂಪ. ಎಲ್ಲೋ ಫೈಬರ್ ಬಗ್ಗಿದೆ, ಬೆಸುಗೆ ಕೆಟ್ಟಿದೆ, ಅಥವಾ ಕನೆಕ್ಟರ್ ಕೊಳೆಯಾಗಿದೆ. ಹಳೆಯ ಸಂಖ್ಯೆ ಬರೆದಿಡಿ ಎಂದು ಮೊದಲೇ ಹೇಳಿದ್ದು ಇದಕ್ಕಾಗಿ. ಬರಿಯ −26 ಎಂದರೆ ಸೇವಾದಾರರು ‘ಮಿತಿಯೊಳಗೇ ಇದೆ’ ಎಂದು ಕೈತೊಳೆದುಕೊಳ್ಳಬಹುದು. −21 ಇದ್ದದ್ದು −26 ಆಗಿದೆ ಎಂದರೆ ಯಾರನ್ನಾದರೂ ಕಳುಹಿಸಲೇಬೇಕಾಗುತ್ತದೆ.

ನೀವೇ ನೋಡಬಹುದಾದದ್ದು ಮನೆಯೊಳಗಿನ ತುಂಡು. ಪ್ಯಾಚ್ ಕಾರ್ಡ್‌ನ ಸುರುಳಿ 6 ಸೆಂಟಿಮೀಟರ್ ವ್ಯಾಸಕ್ಕಿಂತ ಚಿಕ್ಕದಾಗದಿರಲಿ. ಕನೆಕ್ಟರ್ ತುದಿಯ ಬಿಳಿಯ ಪಿಂಗಾಣಿ ಕೊಳವೆಯನ್ನು ಬೆರಳಿನಿಂದ ಮುಟ್ಟಬೇಡಿ. ಮುಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒಮ್ಮೆ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ. ಕನೆಕ್ಟರ್‌ನ ಬಣ್ಣವನ್ನೂ ಗಮನಿಸಿ. ಹಸಿರು ಕನೆಕ್ಟರ್‌ನ ತುದಿ 8 ಡಿಗ್ರಿ ಓರೆಯಾಗಿ ಕಡೆದದ್ದು, ನೀಲಿಯದು ಹಾಗಲ್ಲ. ಹಸಿರನ್ನು ನೀಲಿಗೆ ಸೇರಿಸಿದರೆ ಹೊರನೋಟಕ್ಕೆ ಕೂಡಿಕೊಳ್ಳುತ್ತದೆ, ಒಳಗೆ ಎರಡು ತುದಿಗಳ ನಡುವೆ ಸಂದು ಉಳಿದು ಹಲವು ಡಿಬಿ ಬೆಳಕು ನಷ್ಟವಾಗುತ್ತದೆ. ಅಂಗಡಿಯಿಂದ ಹೊಸ ಪ್ಯಾಚ್ ಕಾರ್ಡ್ ತಂದ ಮೇಲೆ ತೊಂದರೆ ಆರಂಭವಾಗಿದ್ದರೆ ಮೊದಲು ಇದನ್ನೇ ನೋಡಿ.

ಬೆಳಕು ಚೆನ್ನಾಗಿದ್ದೂ ಪಾನ್ ದೀಪ ಮಿನುಗುತ್ತಲೇ ಇದ್ದರೆ, ಓಎನ್‌ಟಿಯ ಕ್ರಮಸಂಖ್ಯೆ ಓಎಲ್‌ಟಿಯಲ್ಲಿ ದಾಖಲಾಗಿಲ್ಲದಿರಬಹುದು. ಕೆಟ್ಟ ಓಎನ್‌ಟಿ ಬದಲಿಸಿ ಹೊಸದನ್ನು ನೀವೇ ಕೊಂಡು ತಂದಾಗ ಹೀಗಾಗುತ್ತದೆ. ಹೊಸ ಪೆಟ್ಟಿಗೆಯ ಚೀಟಿಯ ಮೇಲಿನ ಜಿಪಾನ್ ಕ್ರಮಸಂಖ್ಯೆಯನ್ನು ಸೇವಾದಾರರಿಗೆ ತಿಳಿಸಿ, ಅವರು ದಾಖಲಿಸಬೇಕು. ಕೆಲವು ರೌಟರ್ ಪುಟಗಳಲ್ಲಿ ನೋಂದಣಿಯ ಸ್ಥಿತಿ ‘ಓ’ ಅಕ್ಷರ ಮತ್ತು ಒಂದು ಅಂಕಿಯಾಗಿ ಕಾಣುತ್ತದೆ. ಓ5 ಎಂದಿದ್ದರೆ ಎಲ್ಲ ಸರಿ. ಅದಕ್ಕಿಂತ ಕೆಳಗೆ ನಿಂತಿದ್ದರೆ ನೋಂದಣಿ ಮುಗಿದಿಲ್ಲ.

ಮೂರನೆಯ ಹಂತ: ಲಾಗಿನ್ ಮತ್ತು ವಿ-ಲ್ಯಾನ್

ಬೆಳಕು ಸರಿ, ನೋಂದಣಿ ಸರಿ, ಆದರೂ ಇಂಟರ್ನೆಟ್ ದೀಪ ಹತ್ತಿಲ್ಲ ಅಥವಾ ಕೆಂಪಾಗಿದೆ. ಈಗ ವ್ಯಾನ್ ಪುಟಕ್ಕೆ ಬನ್ನಿ. ಅನೇಕ ಸೇವಾದಾರರು ಪಿಪಿಪಿಒಇ ಎಂಬ ಲಾಗಿನ್ ವಿಧಾನ ಬಳಸುತ್ತಾರೆ. ಕೆಲವರು ಲಾಗಿನ್ ಇಲ್ಲದೆ, ಸಾಧನಗಳಿಗೆ ತಾನಾಗಿಯೇ ವಿಳಾಸ ಹಂಚುವ ಡಿಎಚ್‌ಸಿಪಿ ಮೂಲಕ ನೇರ ವಿಳಾಸ ಕೊಡುತ್ತಾರೆ. ನಿಮ್ಮದು ಯಾವುದೆಂದು ತಿಳಿಯದೆ ಎರಡನ್ನೂ ಅದಲುಬದಲು ಮಾಡಿ ನೋಡುವುದು ವ್ಯರ್ಥ.

ಪಿಪಿಪಿಒಇ ಆಗಿದ್ದರೆ ರೌಟರ್‌ನ ಲಾಗ್ ಪುಟ ತೆರೆಯಿರಿ. ನೀವು ತಿಳಿಯಬೇಕಾದದ್ದು ಒಂದೇ: ಆ ಕಡೆಯಿಂದ ಉತ್ತರವೇ ಬರಲಿಲ್ಲವೋ, ಉತ್ತರ ಬಂದು ನಿರಾಕರಿಸಿತೋ. ಸಂಪರ್ಕ ಆರಂಭಿಸುವಾಗ ರೌಟರ್ ‘ಅಲ್ಲಿ ಯಾರಿದ್ದೀರಿ’ ಎಂಬ ಅರ್ಥದ ಪ್ಯಾಡಿ ಸಂದೇಶವನ್ನು ಬಿತ್ತರಿಸುತ್ತದೆ. ಸೇವಾದಾರರ ಯಂತ್ರ ಪ್ಯಾಡೋ ಎಂಬ ಸಂದೇಶದಿಂದ ಓಗೊಡುತ್ತದೆ. ಆಮೇಲೆ ಇನ್ನೆರಡು ಸಂದೇಶಗಳ ವಿನಿಮಯ, ಕೊನೆಗೆ ಹೆಸರು ಮತ್ತು ಪಾಸ್‌ವರ್ಡ್ ಪರಿಶೀಲನೆ. ಪ್ಯಾಡಿ ಸಂದೇಶಕ್ಕೆ ಕಾದು ಕಾದು ಸಮಯ ಮೀರಿತು ಎಂದು ಲಾಗ್ ಹೇಳಿದರೆ ಪಾಸ್‌ವರ್ಡ್ ತಪ್ಪಲ್ಲ. ಸಂದೇಶ ಆ ಯಂತ್ರವನ್ನು ಮುಟ್ಟಿಯೇ ಇಲ್ಲ. ಬಹುಪಾಲು ಇದು ವಿ-ಲ್ಯಾನ್ ಸಂಖ್ಯೆಯ ತಪ್ಪು. ದೃಢೀಕರಣ ವಿಫಲ ಎಂದು ಲಾಗ್ ಹೇಳಿದರೆ, ಅಥವಾ ವಿಂಡೋಸ್‌ನಿಂದ ನೇರ ಲಾಗಿನ್ ಆಗುವಾಗ 691 ಎಂಬ ದೋಷಸಂಖ್ಯೆ ಬಂದರೆ, ದಾರಿ ಸರಿಯಿದೆ. ಹೆಸರು, ಪಾಸ್‌ವರ್ಡ್, ಮುಗಿದ ಪ್ಲಾನ್, ಕಟ್ಟದ ಬಿಲ್ಲು ಇವುಗಳಲ್ಲಿ ಒಂದು ಕಾರಣ. ರೌಟರ್ ಬದಲಿಸಿದ ಮೇಲೆ ಹೀಗಾದರೆ ಸೇವಾದಾರರು ಹಳೆಯ ರೌಟರ್‌ನ ಮ್ಯಾಕ್ ವಿಳಾಸಕ್ಕೆ (ಯಂತ್ರದ ಸ್ವಂತ ಗುರುತು ಸಂಖ್ಯೆಗೆ) ನಿಮ್ಮ ಖಾತೆಯನ್ನು ಕಟ್ಟಿರಬಹುದು. ಅದನ್ನು ಬಿಡಿಸಲು ಕೇಳಿ.

ಕರೆಂಟ್ ಹೋಗಿ ಬಂದ ಮೇಲೆ ಮಾತ್ರ ಕಾಣುವ ಇನ್ನೊಂದು ತೊಂದರೆಯಿದೆ. ರೌಟರ್ ದಿಢೀರನೆ ಆರಿದಾಗ ‘ನಾನು ಹೊರಟೆ’ ಎಂದು ಹೇಳಲು ಅದಕ್ಕೆ ಅವಕಾಶ ಸಿಗಲಿಲ್ಲ. ಸೇವಾದಾರರ ಯಂತ್ರದ ಲೆಕ್ಕದಲ್ಲಿ ನಿಮ್ಮ ಹಳೆಯ ಸೆಷನ್ ಇನ್ನೂ ಜೀವಂತ. ಒಂದು ಖಾತೆಗೆ ಒಂದೇ ಸೆಷನ್ ಎಂಬ ನಿಯಮವಿದ್ದರೆ ಹೊಸ ಲಾಗಿನ್ ಅನ್ನು ಅದು ತಿರಸ್ಕರಿಸುತ್ತದೆ. ರೌಟರ್ ಮತ್ತೆ ಮತ್ತೆ ಯತ್ನಿಸಿದಷ್ಟೂ ತೊಡಕು. ರೌಟರ್ ಆರಿಸಿ ಹತ್ತು ಹದಿನೈದು ನಿಮಿಷ ಸುಮ್ಮನೆ ಬಿಟ್ಟರೆ ಹಳೆಯ ಸೆಷನ್ ತಾನಾಗಿಯೇ ಸಾಯುತ್ತದೆ. ತುರ್ತಿದ್ದರೆ ಫೋನ್ ಮಾಡಿ ‘ಸೆಷನ್ ಕ್ಲಿಯರ್ ಮಾಡಿ’ ಎಂದಷ್ಟೇ ಹೇಳಿ. ಅಲ್ಲಿರುವವರಿಗೆ ಆ ಮಾತು ಅರ್ಥವಾಗುತ್ತದೆ. ಪದೇ ಪದೇ ಕರೆಂಟ್ ಹೋಗುವ ಊರಾದರೆ ಓಎನ್‌ಟಿಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿಸುವುದು ಒಳ್ಳೆಯ ಖರ್ಚು. ಅಡಾಪ್ಟರ್ ಮೇಲಿನ ವೋಲ್ಟ್ ಮತ್ತು ಆಂಪಿಯರ್ ನೋಡಿಯೇ ಕೊಳ್ಳಿ.

ವಿ-ಲ್ಯಾನ್ ಎಂಬುದು ಒಂದೇ ಫೈಬರ್‌ನಲ್ಲಿ ಇಂಟರ್ನೆಟ್, ದೂರವಾಣಿ, ಟಿವಿ ಸಂಚಾರವನ್ನು ಬೇರ್ಪಡಿಸುವ 1 ರಿಂದ 4094 ರವರೆಗಿನ ಸಂಖ್ಯೆ. ಒಂದೇ ಸೇವಾದಾರರಲ್ಲೂ ಊರಿನಿಂದ ಊರಿಗೆ ಅದು ಬೇರೆಯಾಗಬಹುದು. ಆದ್ದರಿಂದ ಅಂತರ್ಜಾಲದಲ್ಲಿ ಯಾರೋ ಬರೆದ ಸಂಖ್ಯೆಯನ್ನು ನಂಬಬೇಡಿ, ನಿಮ್ಮ ಲೈನ್‌ಮನ್‌ ಅವರನ್ನೇ ಕೇಳಿ. ವ್ಯಾನ್ ಪುಟದಲ್ಲಿ ದೂರವಾಣಿಯ ಹೆಸರಿನ ಇನ್ನೊಂದು ನಮೂದು ಇದ್ದರೆ ಅದನ್ನು ಅಳಿಸಬೇಡಿ, ಮನೆಯ ಫೋನ್ ಅದರ ಮೇಲೆಯೇ ನಿಂತಿದೆ.

ನಿಮ್ಮದೇ ಒಳ್ಳೆಯ ರೌಟರ್ ಕೊಂಡು ಓಎನ್‌ಟಿಯನ್ನು ಬ್ರಿಡ್ಜ್ ವಿಧಾನಕ್ಕೆ ಬದಲಿಸುವವರು ಇಲ್ಲಿ ಎಡವುತ್ತಾರೆ. ಬ್ರಿಡ್ಜ್‌ನಲ್ಲಿ ಓಎನ್‌ಟಿ ಬೆಳಕನ್ನು ವಿದ್ಯುತ್ ಸಂಕೇತವಾಗಿಸಿ ದಾಟಿಸುತ್ತದೆ ಅಷ್ಟೇ. ಲಾಗಿನ್ ಮಾಡುವುದು ನಿಮ್ಮ ರೌಟರ್. ವಿ-ಲ್ಯಾನ್ ಗುರುತು ಹಚ್ಚುವವರು ಇಬ್ಬರಲ್ಲಿ ಒಬ್ಬರೇ ಆಗಿರಬೇಕು. ಓಎನ್‌ಟಿಯಲ್ಲೂ ರೌಟರ್‌ನಲ್ಲೂ ಸಂಖ್ಯೆ ಹಾಕಿದರೆ ಎರಡು ಗುರುತು ಅಂಟಿಕೊಂಡು ಪ್ಯಾಡಿ ಸಂದೇಶ ಎಲ್ಲಿಗೂ ತಲುಪುವುದಿಲ್ಲ. ಇಬ್ಬರಲ್ಲೂ ಹಾಕದಿದ್ದರೂ ಫಲ ಅದೇ. ಓಎನ್‌ಟಿಯ ಬ್ರಿಡ್ಜ್ ನಮೂದಿನಲ್ಲಿ ಸಂಖ್ಯೆ ಇದ್ದರೆ ರೌಟರ್‌ನಲ್ಲಿ ಖಾಲಿ ಬಿಡಿ.

ನಾಲ್ಕನೆಯ ಹಂತ: ಸಿಕ್ಕ ವಿಳಾಸ ಏನು ಹೇಳುತ್ತದೆ

ವ್ಯಾನ್ ಪುಟದಲ್ಲಿ ಐಪಿ ವಿಳಾಸ 0.0.0.0 ಎಂದಿದ್ದರೆ ಹಿಂದಿನ ಹಂತ ಮುಗಿದಿಲ್ಲ. ಕಂಪ್ಯೂಟರ್‌ನಲ್ಲಿ 169.254 ರಿಂದ ಆರಂಭವಾಗುವ ವಿಳಾಸ ಕಂಡರೆ ಅದಕ್ಕೆ ರೌಟರ್‌ನಿಂದ ವಿಳಾಸ ಸಿಕ್ಕಿಲ್ಲ. ತೊಂದರೆ ಮನೆಯೊಳಗಿನದು, ಸೇವಾದಾರರದಲ್ಲ.

ವ್ಯಾನ್ ವಿಳಾಸ 100.64 ರಿಂದ 100.127 ರ ನಡುವೆ, ಅಥವಾ 10 ರಿಂದ ಆರಂಭವಾಗಿದ್ದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಅಂದರೆ ಹಲವಾರು ಗ್ರಾಹಕರು ಒಂದೇ ಸಾರ್ವಜನಿಕ ವಿಳಾಸವನ್ನು ಹಂಚಿಕೊಂಡಿದ್ದಾರೆ. ಏಷ್ಯಾ ಪೆಸಿಫಿಕ್ ವಲಯಕ್ಕೆ ಐಪಿವಿ4 ವಿಳಾಸ ಹಂಚುವ ಏಪ್‌ನಿಕ್ ಸಂಸ್ಥೆಯ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಬಂದಿತ್ತು, 2012ರಲ್ಲಿ 100.64 ರ ಈ ಗುಂಪನ್ನು ಸಿಜಿನ್ಯಾಟ್‌ಗೆಂದೇ ಮೀಸಲಿಡಲಾಯಿತು. ಬ್ರೌಸಿಂಗ್‌ಗೆ, ವಿಡಿಯೊಗೆ ಇದರಿಂದ ಅಡ್ಡಿಯಿಲ್ಲ. ಆದರೆ ತೋಟದ ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೋಡಲು ರೌಟರ್‌ನಲ್ಲಿ ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದ ಕೋರಿಕೆಯನ್ನು ಒಳಗಿನ ಸಾಧನಕ್ಕೆ ದಾಟಿಸುವ ನಿಯಮ) ಹಾಕಿದರೆ ಅದು ಕೆಲಸ ಮಾಡುವುದೇ ಇಲ್ಲ, ಎಷ್ಟು ಸರಿಯಾಗಿ ಹಾಕಿದರೂ. ಇದನ್ನು ತಿಳಿಯದೆ ವಾರಗಟ್ಟಲೆ ಒದ್ದಾಡುವವರನ್ನು ಕಂಡಿದ್ದೇನೆ, ಅವರ ಶ್ರಮ ನೋಡಿ ಸಂಕಟವಾಗುತ್ತದೆ. ಪರೀಕ್ಷೆ ಸರಳ: ವ್ಯಾನ್ ಪುಟದ ವಿಳಾಸವನ್ನೂ ‘ನನ್ನ ಐಪಿ ಯಾವುದು’ ಎಂದು ಹುಡುಕಿದಾಗ ಕಾಣುವ ವಿಳಾಸವನ್ನೂ ಹೋಲಿಸಿ. ಎರಡೂ ಬೇರೆಯಾಗಿದ್ದರೆ ಸೇವಾದಾರರಿಂದ ಹಣ ಕೊಟ್ಟು ಸ್ಥಿರ ಐಪಿ ಪಡೆಯಬೇಕು, ಇಲ್ಲವೇ ಒಳಗಿನಿಂದ ಹೊರಗೆ ಸಂಪರ್ಕ ಬೆಳೆಸುವ ವಿಪಿಎನ್ ಅಥವಾ ಕ್ಯಾಮೆರಾ ತಯಾರಕರ ಆ್ಯಪ್ ಬಳಸಬೇಕು, ಇಲ್ಲವೇ ಹೊಸ ವಿಳಾಸ ಪದ್ಧತಿಯಾದ ಐಪಿವಿ6 ಮೂಲಕ ಹೋಗಬೇಕು.

ಐಪಿವಿ6 ಬಳಸುವವರು ನೋಡಬೇಕಾದದ್ದು, ಸೇವಾದಾರರಿಂದ ರೌಟರ್‌ಗೆ ವಿಳಾಸಗಳ ಗುಂಪು, ಅಂದರೆ ಪ್ರಿಫಿಕ್ಸ್, ಬಂದಿದೆಯೇ ಎಂಬುದು. ವ್ಯಾನ್‌ಗೆ ಒಂದು ವಿಳಾಸ ಸಿಕ್ಕಿ ಪ್ರಿಫಿಕ್ಸ್ ಸಿಗದಿದ್ದರೆ ಮನೆಯೊಳಗಿನ ಫೋನ್‌ಗಳಿಗೆ ಹಂಚಲು ಏನೂ ಇರುವುದಿಲ್ಲ. ಮನೆಯ ಜಾಲಕ್ಕೆ ಕನಿಷ್ಠ /64 ಗಾತ್ರದ ಗುಂಪು ಬೇಕು.

ಐದನೆಯ ಹಂತ: ಪಿಂಗ್, ಟ್ರೇಸ್‌ರೂಟ್, ಡಿಎನ್‌ಎಸ್

ಇನ್ನು ಮುಂದಿನ ಪರೀಕ್ಷೆಗಳನ್ನು ಲ್ಯಾನ್ ಕೇಬಲ್ ಸಿಕ್ಕಿಸಿದ ಕಂಪ್ಯೂಟರ್‌ನಿಂದ ಮಾಡಿ. ವೈಫೈ ಮೇಲೆ ಮಾಡಿದರೆ ಯಾವ ದೋಷ ಯಾರದೆಂದು ಬಿಡಿಸಲಾಗದು. ಕಮಾಂಡ್ ಪ್ರಾಂಪ್ಟ್ ತೆರೆದು ಕ್ರಮವಾಗಿ ಪಿಂಗ್ ಮಾಡಿ, ಅಂದರೆ ಸಣ್ಣ ಸಂದೇಶ ಕಳುಹಿಸಿ ಉತ್ತರ ಬರುತ್ತದೆಯೇ ನೋಡಿ: ಮೊದಲು ರೌಟರ್, ಅಂದರೆ 192.168.1.1, ಆಮೇಲೆ ವ್ಯಾನ್ ಪುಟದಲ್ಲಿ ಕಾಣುವ ಗೇಟ್‌ವೇ (ಸೇವಾದಾರರ ಕಡೆಯ ಮೊದಲ ಯಂತ್ರ), ಆಮೇಲೆ ಹೊರಗಿನ ಸಾರ್ವಜನಿಕ ಸರ್ವರ್ 8.8.8.8, ಕೊನೆಗೆ ಯಾವುದಾದರೂ ಜಾಲತಾಣದ ಹೆಸರು. ಎಲ್ಲಿ ಉತ್ತರ ನಿಲ್ಲುತ್ತದೋ ಅದರ ಹಿಂದಿನ ತುಂಡಿನಲ್ಲಿ ದೋಷ. ಕೆಲವು ಗೇಟ್‌ವೇಗಳು ಪಿಂಗ್‌ಗೆ ಉತ್ತರಿಸುವುದಿಲ್ಲ, 8.8.8.8 ಉತ್ತರಿಸಿದರೆ ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಸಂಖ್ಯೆಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ಅದು ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್ ವ್ಯವಸ್ಥೆಯ ತೊಂದರೆ. ರೌಟರ್‌ನ ಡಿಎಚ್‌ಸಿಪಿ ಪುಟದಲ್ಲಿ ಡಿಎನ್‌ಎಸ್ ವಿಳಾಸಗಳಾಗಿ 1.1.1.1 ಮತ್ತು 8.8.8.8 ಎಂದು ಹಾಕಿ, ಕಂಪ್ಯೂಟರ್‌ನ ಸಂಪರ್ಕವನ್ನು ಒಮ್ಮೆ ಬಿಡಿಸಿ ಸೇರಿಸಿ. ಒಂದೇ ಫೋನ್‌ನಲ್ಲಿ ಮಾತ್ರ ಹೆಸರುಗಳು ತೆರೆಯದಿದ್ದರೆ ಆ ಫೋನ್‌ನ ಪ್ರೈವೇಟ್ ಡಿಎನ್‌ಎಸ್ ಸೆಟ್ಟಿಂಗ್ ನೋಡಿ, ರೌಟರ್ ಮುಟ್ಟಬೇಡಿ. ರೌಟರ್‌ನ ಡಿಎಚ್‌ಸಿಪಿ ಪುಟದಲ್ಲಿ ನೀವು ಹಾಕದ, ಸೇವಾದಾರರದೂ ಅಲ್ಲದ ಅಪರಿಚಿತ ಡಿಎನ್‌ಎಸ್ ವಿಳಾಸ ಕಂಡರೆ ಅದು ಗಂಭೀರ: ಯಾರೋ ನಿಮ್ಮ ರೌಟರ್‌ನೊಳಗೆ ಕೈಯಾಡಿಸಿದ್ದಾರೆ. ಪೂರ್ತಿ ರೀಸೆಟ್ ಮಾಡುವುದು ನ್ಯಾಯವಾಗುವ ಕೆಲವೇ ಸಂದರ್ಭಗಳಲ್ಲಿ ಇದೊಂದು.

ದಾರಿಯ ರೌಟರ್‌ಗಳನ್ನು ಒಂದೊಂದು ಸಾಲಾಗಿ ತೋರಿಸುವ ಟ್ರೇಸ್‌ರೂಟ್ ಆದೇಶದ ಫಲಿತಾಂಶ ಓದುವಾಗ ನಡುವೆ ಒಂದೆರಡು ಸಾಲು ನಕ್ಷತ್ರ ಬಂದರೆ ಗಾಬರಿಯಾಗಬೇಡಿ. ಅನೇಕ ರೌಟರ್‌ಗಳು ಇಂಥ ಪ್ರಶ್ನೆಗಳಿಗೆ ಉತ್ತರಿಸದಂತೆ ಹೊಂದಿಸಿರುತ್ತವೆ. ಒಂದು ಸಾಲಿನಿಂದ ಆರಂಭವಾಗಿ ಕೊನೆಯವರೆಗೂ ವಿಳಂಬ ಹೆಚ್ಚೇ ಉಳಿದರೆ ಮಾತ್ರ ದೋಷ ಆ ಸಾಲಿನ ಆಸುಪಾಸಿನಲ್ಲಿದೆ. ಫೈಬರ್‌ನಲ್ಲಿ ಬೆಳಕು ಒಂದು ಮಿಲಿಸೆಕೆಂಡಿಗೆ ಸುಮಾರು 200 ಕಿ.ಮೀ. ಸಾಗುತ್ತದೆ. ಬೆಂಗಳೂರಿನಿಂದ ಮುಂಬೈಗೆ ಸಾವಿರ ಕಿಲೋಮೀಟರ್ ಎಂದುಕೊಂಡರೆ ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡು ಬೇಕೇ ಬೇಕು, ಯಾವ ಸೆಟ್ಟಿಂಗ್ ಕೂಡ ಅದನ್ನು ತಗ್ಗಿಸಲಾರದು.

ಆರನೆಯ ಹಂತ: ಕೆಲವು ತಾಣ ತೆರೆಯುತ್ತವೆ, ಕೆಲವು ತೆರೆಯುವುದಿಲ್ಲ

ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವ ದೋಷ ಇದು. ಪಿಂಗ್ ಚೆನ್ನಾಗಿದೆ, ವಾಟ್ಸ್‌ಆ್ಯಪ್ ಸಂದೇಶ ಹೋಗುತ್ತದೆ, ವೇಗದ ಪರೀಕ್ಷೆಯಲ್ಲೂ ಪೂರ್ತಿ ವೇಗ. ಆದರೆ ಬ್ಯಾಂಕಿನ ತಾಣ ಬಿಳಿಯ ಪುಟವಾಗಿ ನಿಂತುಬಿಡುತ್ತದೆ, ಕಚೇರಿಯ ವಿಪಿಎನ್ ಲಾಗಿನ್ ಆದ ಮೇಲೆ ಅಲ್ಲಾಡುವುದಿಲ್ಲ, ದೊಡ್ಡ ಕಡತ ಲಗತ್ತಿಸಿದ ಇಮೇಲ್ ಹೋಗುವುದಿಲ್ಲ. ಜನ ಬ್ಯಾಂಕನ್ನು ಬೈಯುತ್ತಾರೆ, ಬ್ರೌಸರ್ ಬದಲಿಸುತ್ತಾರೆ. ತೊಂದರೆ ಇರುವುದು ಪ್ಯಾಕೆಟ್‌ನ ಗಾತ್ರದಲ್ಲಿ.

ಈಥರ್‌ನೆಟ್‌ನಲ್ಲಿ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಇರಬಹುದು. ಪಿಪಿಪಿಒಇ ತನ್ನ ತಲೆಬರಹಕ್ಕೆ ಅದರಲ್ಲಿ 8 ಬೈಟ್ ತೆಗೆದುಕೊಳ್ಳುತ್ತದೆ. ಉಳಿಯುವುದು 1492. ಇದಕ್ಕಿಂತ ದೊಡ್ಡ, ಒಡೆಯಬಾರದೆಂದು ಗುರುತು ಮಾಡಿದ ಪ್ಯಾಕೆಟ್ ಬಂದಾಗ ದಾರಿಯ ರೌಟರ್ ‘ಇದು ಹಿಡಿಸುವುದಿಲ್ಲ, ಚಿಕ್ಕದು ಮಾಡಿ ಕಳುಹಿಸಿ’ ಎಂಬ ಐಸಿಎಂಪಿ ಸಂದೇಶವನ್ನು ಹಿಂದಕ್ಕೆ ಕಳುಹಿಸಬೇಕು. ಭದ್ರತೆಯ ಹೆಸರಿನಲ್ಲಿ ಐಸಿಎಂಪಿಯನ್ನೆಲ್ಲ ತಡೆಯುವ ಫೈರ್‌ವಾಲ್ ನಡುವೆ ಇದ್ದರೆ ಆ ಸಂದೇಶ ತಲುಪುವುದಿಲ್ಲ. ಆ ಕಡೆಯ ಸರ್ವರ್ ದೊಡ್ಡ ಪ್ಯಾಕೆಟ್‌ಗಳನ್ನೇ ಕಳುಹಿಸುತ್ತಿರುತ್ತದೆ, ಅವು ಸದ್ದಿಲ್ಲದೆ ಕಳೆದುಹೋಗುತ್ತಿರುತ್ತವೆ. ಚಿಕ್ಕ ಪ್ಯಾಕೆಟ್‌ಗಳಿಗೆ ಏನೂ ಆಗದ ಕಾರಣ ಪಿಂಗ್ ಮಾತ್ರ ಸದಾ ಸರಿ.

ಪರೀಕ್ಷಿಸುವ ಬಗೆ ಹೀಗೆ. ವಿಂಡೋಸ್‌ನ ಪಿಂಗ್ ಆದೇಶಕ್ಕೆ ಎರಡು ಆಯ್ಕೆ ಸೇರಿಸಿ: ಅಡ್ಡಗೆರೆಯ ಜತೆ ಸಣ್ಣ ಎಫ್, ಅಂದರೆ ಒಡೆಯಬೇಡ, ಅಡ್ಡಗೆರೆಯ ಜತೆ ಸಣ್ಣ ಎಲ್, ಅದರ ಮುಂದೆ ಗಾತ್ರ. ಗುರಿ 1.1.1.1 ಇರಲಿ. ಮೊದಲು 1472 ಹಾಕಿ. ಐಪಿ ಮತ್ತು ಐಸಿಎಂಪಿ ತಲೆಬರಹದ 28 ಬೈಟ್ ಸೇರಿದರೆ 1500 ಆಗುತ್ತದೆ. ಪಿಪಿಪಿಒಇ ಸಂಪರ್ಕದಲ್ಲಿ ಇದು ವಿಫಲವಾಗುವುದು ಸಹಜ. ಈಗ 1464 ಹಾಕಿ. ಉತ್ತರ ಬಂದರೆ ದಾರಿ 1492ಕ್ಕೆ ತೆರೆದಿದೆ. ಬಾರದಿದ್ದರೆ ಹತ್ತತ್ತು ಇಳಿಸುತ್ತ ಹೋಗಿ, ಉತ್ತರ ಬಂದ ಕೂಡಲೇ ಎರಡೆರಡಾಗಿ ಏರಿಸಿ. ಉತ್ತರ ಬಂದ ಅತಿ ದೊಡ್ಡ ಸಂಖ್ಯೆಗೆ 28 ಕೂಡಿಸಿದರೆ ನಿಮ್ಮ ಎಂಟಿಯು, ಅಂದರೆ ದಾಟಬಲ್ಲ ಅತಿ ದೊಡ್ಡ ಪ್ಯಾಕೆಟ್‌ನ ಗಾತ್ರ. ಅದನ್ನು ರೌಟರ್‌ನ ವ್ಯಾನ್ ಪುಟದಲ್ಲಿ ಬರೆಯಿರಿ. ಎಂಎಸ್‌ಎಸ್ ಕ್ಲ್ಯಾಂಪ್ ಎಂಬ ಆಯ್ಕೆ ಇದ್ದರೆ ಚಾಲೂ ಮಾಡಿ. ಸಂಖ್ಯೆ ಕೇಳಿದರೆ ಎಂಟಿಯುನಿಂದ 40 ಕಳೆಯಿರಿ, 1492 ಆಗಿದ್ದರೆ 1452. ಆಗ ಟಿಸಿಪಿ ಸಂಪರ್ಕ ಆರಂಭವಾಗುವಾಗಲೇ ಎರಡೂ ಕಡೆಯವರು ಚಿಕ್ಕ ಗಾತ್ರಕ್ಕೆ ಒಪ್ಪಿಕೊಳ್ಳುತ್ತಾರೆ.

ಬ್ರಿಡ್ಜ್ ವಿಧಾನದಲ್ಲಿ ನಿಮ್ಮ ಸ್ವಂತ ರೌಟರ್ ಇದ್ದಾಗ ಈ ದೋಷ ಹೆಚ್ಚು. ಸೇವಾದಾರರ ಪೆಟ್ಟಿಗೆಯಲ್ಲಿ ಮೊದಲೇ 1492 ಇರುತ್ತದೆ. ಹೊಸ ರೌಟರ್‌ನಲ್ಲಿ 1500 ಎಂದು ಯಾರೋ ಬರೆದಿದ್ದರೆ ಕೇಡು ಆರಂಭ.

ಎರಡನೆಯ ರೌಟರ್ ಸೇರಿಸುವಾಗ

ಮಹಡಿಯ ಮೇಲೆ ವೈಫೈ ಬರುವುದಿಲ್ಲವೆಂದು ಹಳೆಯ ರೌಟರ್ ಒಂದನ್ನು ಸೇರಿಸಿದ ಮರುದಿನದಿಂದ ಮನೆಯ ಅರ್ಧ ಸಾಧನಗಳಿಗೆ ಇಂಟರ್ನೆಟ್ ಇಲ್ಲ ಎಂದರೆ ಕಾರಣ ಬಹುತೇಕ ಖಚಿತ: ಎರಡೂ ಪೆಟ್ಟಿಗೆಗಳು ಡಿಎಚ್‌ಸಿಪಿ ಮೂಲಕ ವಿಳಾಸ ಹಂಚುತ್ತಿವೆ. ಫೋನ್‌ಗೆ ಯಾರು ಮೊದಲು ಉತ್ತರಿಸುತ್ತಾರೋ ಅವರ ವಿಳಾಸ ಸಿಗುತ್ತದೆ. ಆದ್ದರಿಂದಲೇ ಒಮ್ಮೆ ಸರಿ, ಇನ್ನೊಮ್ಮೆ ಇಲ್ಲ.

ಎರಡನೆಯ ರೌಟರ್ ಅನ್ನು ಮೊದಲು ಒಂಟಿಯಾಗಿ ಕಂಪ್ಯೂಟರ್‌ಗೆ ಸಿಕ್ಕಿಸಿ. ಅದರ ಲ್ಯಾನ್ ವಿಳಾಸವನ್ನು 192.168.1.2 ಎಂದು ಬದಲಿಸಿ. ಮೊದಲ ರೌಟರ್ ಹಂಚುವ ಪಟ್ಟಿಯೊಳಗೆ ಆ ಸಂಖ್ಯೆ ಬರದಂತೆ ನೋಡಿಕೊಳ್ಳಿ. ಡಿಎಚ್‌ಸಿಪಿ ನಿಲ್ಲಿಸಿ. ಆಮೇಲೆ ಮೊದಲ ರೌಟರ್‌ನ ಲ್ಯಾನ್ ತೂತಿನಿಂದ ಎರಡನೆಯದರ ಲ್ಯಾನ್ ತೂತಿಗೆ ಕೇಬಲ್ ಹಾಕಿ, ವ್ಯಾನ್ ತೂತು ಖಾಲಿ ಇರಲಿ. ಆಕ್ಸೆಸ್ ಪಾಯಿಂಟ್ ಎಂಬ ವಿಧಾನ ಅದರಲ್ಲೇ ಇದ್ದರೆ ಅದನ್ನು ಆರಿಸಿದರೆ ಸಾಕು, ಆಗ ಯಾವ ತೂತು ಎಂಬುದನ್ನು ಅದರ ಕೈಪಿಡಿಯಂತೆ ಮಾಡಿ. ಬೇರೆಯದೇ ಜಾಲ ಬೇಕೆಂದು ವ್ಯಾನ್ ತೂತಿಗೇ ಹಾಕುವುದಾದರೆ ಒಳಗಿನ ವಿಳಾಸ 192.168.50.1 ರಂತೆ ಬೇರೆ ಗುಂಪಿನದಾಗಿರಲಿ. ಎರಡು ಕಡೆಯೂ 192.168.1 ಇದ್ದರೆ ಪ್ಯಾಕೆಟ್ ಯಾವ ಕಡೆ ಹೋಗಬೇಕೆಂಬುದೇ ರೌಟರ್‌ಗೆ ತಿಳಿಯುವುದಿಲ್ಲ.

ವೇಗ ಕಡಿಮೆ ಎಂದಾಗ

200 ಮೆಗಾಬಿಟ್‌ನ ಪ್ಲಾನ್, ಕೇಬಲ್ ಸಿಕ್ಕಿಸಿ ನೋಡಿದರೂ 94 ರ ಹತ್ತಿರ ಬಂದು ನಿಲ್ಲುತ್ತದೆಯೇ? ಹಾಗಾದರೆ ಸೇವಾದಾರರ ಜತೆ ಜಗಳಕ್ಕೆ ಇಳಿಯುವ ಮುನ್ನ ಲ್ಯಾನ್ ಕೇಬಲ್ ನೋಡಿ. ಗಿಗಾಬಿಟ್ ವೇಗಕ್ಕೆ ಕೇಬಲ್‌ನೊಳಗಿನ ನಾಲ್ಕೂ ಜೋಡಿ ತಂತಿಗಳು ಬೇಕು. 100 ಮೆಗಾಬಿಟ್‌ಗೆ ಎರಡೇ ಜೋಡಿ ಸಾಕು. ಎಂಟರಲ್ಲಿ ಒಂದು ತಂತಿ ಕನೆಕ್ಟರ್‌ನಲ್ಲಿ ಸರಿಯಾಗಿ ಕಚ್ಚಿಲ್ಲದಿದ್ದರೂ ಎರಡು ತುದಿಗಳು ತಮ್ಮೊಳಗೇ 100ಕ್ಕೆ ಒಪ್ಪಿಕೊಂಡು ಸುಮ್ಮನಿರುತ್ತವೆ. ಯಾವ ದೋಷಸಂದೇಶವೂ ಬರುವುದಿಲ್ಲ. ಕಂಪ್ಯೂಟರ್‌ನ ಈಥರ್‌ನೆಟ್ ಸ್ಥಿತಿಯ ಪುಟದಲ್ಲಿ ಲಿಂಕ್ ವೇಗ 1000 ಎಂದಿದೆಯೇ 100 ಎಂದಿದೆಯೇ ನೋಡಿ. 100 ಎಂದಿದ್ದರೆ ಕೇಬಲ್ ಬದಲಿಸಿ. ಓಎನ್‌ಟಿಯ ತೂತೇ 100 ಮೆಗಾಬಿಟ್‌ನದಾಗಿದ್ದರೆ ಪೆಟ್ಟಿಗೆಯನ್ನೇ ಬದಲಿಸಿಕೊಡಲು ಕೇಳಬೇಕು.

ಕೇಬಲ್‌ನಲ್ಲಿ ವೇಗ ಪೂರ್ತಿ ಬಂದು ವೈಫೈಯಲ್ಲಿ ಬಾರದಿದ್ದರೆ ಅದು ಸೇವಾದಾರರ ವಿಷಯವಲ್ಲ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮಾತ್ರ; ಅಕ್ಕಪಕ್ಕದವರು ಬಳಸದ ಒಂದನ್ನು ಆರಿಸಿ, ಅಗಲ 20 ಮೆಗಾಹರ್ಟ್ಸ್ ಇರಲಿ. ಹತ್ತಿರದ ಕೋಣೆಗಳಿಗೆ 5 ಗಿಗಾಹರ್ಟ್ಸ್ ಬಳಸಿ. ರೌಟರ್ ಅನ್ನು ಟಿವಿಯ ಹಿಂದೆ, ಕಬ್ಬಿಣದ ಬೀರುವಿನ ಪಕ್ಕ ಇಡಬೇಡಿ.

ರೌಟರ್‌ನ ಬಾಗಿಲು ಮುಚ್ಚುವುದು

2017ರ ಜುಲೈ ಕೊನೆಯಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್ ಗ್ರಾಹಕರ ಮೋಡೆಮ್‌ಗಳ ಮೇಲೆ ಮಾಲ್‌ವೇರ್ ದಾಳಿ ನಡೆದದ್ದು ಹಲವರಿಗೆ ನೆನಪಿರಬಹುದು. ಸಿಕ್ಕಿಬಿದ್ದವು ಕಾರ್ಖಾನೆಯಲ್ಲಿ ಹಾಕಿದ ಪಾಸ್‌ವರ್ಡ್ ಅನ್ನೇ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಿಸಿ ಎಂದು ಸಂಸ್ಥೆ ಆಗ ಗ್ರಾಹಕರಿಗೆ ತಿಳಿಸಿತು. ಬಳಕೆದಾರ ಹೆಸರೂ ಪಾಸ್‌ವರ್ಡೂ ಅಡ್ಮಿನ್ ಎಂದಿರುವ ಪೆಟ್ಟಿಗೆಗಳು ಇಂದಿಗೂ ಮನೆಮನೆಗಳಲ್ಲಿವೆ. ದೋಷ ಸರಿಪಡಿಸಿ ಮುಗಿಸುವ ಮುನ್ನ ಆ ಪಾಸ್‌ವರ್ಡ್ ಬದಲಿಸಿ, ಗುಂಡಿ ಒತ್ತಿ ಅಥವಾ ಪಿನ್ ಸಂಖ್ಯೆ ಹಾಕಿ ವೈಫೈಗೆ ಸೇರಿಸುವ ಡಬ್ಲ್ಯುಪಿಎಸ್ ನಿಲ್ಲಿಸಿ, ಹೊರಗಿನಿಂದ ರೌಟರ್ ಪುಟ ತೆರೆಯುವ ರಿಮೋಟ್ ಮ್ಯಾನೇಜ್‌ಮೆಂಟ್ ಮುಚ್ಚಿ. ಟಿಆರ್-069 ಎಂಬ ನಮೂದನ್ನು ಮಾತ್ರ ಕೇಳದೆ ತೆಗೆಯಬೇಡಿ, ಸೇವಾದಾರರು ಓಎನ್‌ಟಿಯನ್ನು ದೂರದಿಂದ ಹೊಂದಿಸುವುದು ಅದರ ಮೂಲಕವೇ.

ದೂರು ಕೊಡುವ ಬಗೆ

‘ನೆಟ್ ಬರುತ್ತಿಲ್ಲ’ ಎಂದರೆ ಆ ಕಡೆಯಿಂದ ಬರುವ ಉತ್ತರ ‘ರೌಟರ್ ಆಫ್ ಮಾಡಿ ಆನ್ ಮಾಡಿ’. ಮೇಲಿನ ಹಂತಗಳನ್ನು ದಾಟಿದ್ದರೆ ನಿಮ್ಮ ಬಳಿ ಬೇರೆ ಮಾತುಗಳಿವೆ. ‘ಪಾನ್ ದೀಪ ನಿಂತು ಉರಿಯುತ್ತಿದೆ, ಆರ್‌ಎಕ್ಸ್ ಪವರ್ −21, ಪ್ಯಾಡಿ ಸಂದೇಶಕ್ಕೆ ಉತ್ತರ ಬರುತ್ತಿಲ್ಲ, ವಿ-ಲ್ಯಾನ್ ನೋಡಿ’ ಎಂದರೆ ಕೇಳುವವರು ಸಂಬಂಧಪಟ್ಟವರಿಗೆ ನೇರವಾಗಿ ದಾಟಿಸುತ್ತಾರೆ. ಕೆಂಪು ದೀಪವಾದರೆ ಯಾವ ಹೊತ್ತಿಗೆ ಕೆಂಪಾಯಿತು ಎಂಬುದನ್ನು ಹೇಳಿ. ಕರೆಂಟ್ ಹೋಗಿ ಆರಿದ ಓಎನ್‌ಟಿ ಸಾಯುವ ಮುನ್ನ ಓಎಲ್‌ಟಿಗೆ ಕೊನೆಯ ಸಂಕೇತವೊಂದನ್ನು ಕಳುಹಿಸಬಲ್ಲದು, ಫೈಬರ್ ತುಂಡಾದಾಗ ಅದು ಬರುವುದಿಲ್ಲ. ಆ ಹೊತ್ತಿನ ದಾಖಲೆ ನೋಡಿದರೆ ಕಾರಣ ಯಾವುದೆಂದು ಅವರು ಕೂತಲ್ಲೇ ಹೇಳಬಲ್ಲರು.

ದೂರು ದಾಖಲಾದಾಗ ಸಿಗುವ ಡಾಕೆಟ್ ಸಂಖ್ಯೆಯನ್ನು ತಪ್ಪದೆ ಬರೆದುಕೊಳ್ಳಿ, ದಿನಾಂಕವನ್ನೂ ಸೇರಿಸಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳ ಪ್ರಕಾರ ದೂರು ಕೇಂದ್ರದ ಉತ್ತರ ತೃಪ್ತಿಕರವಾಗಿಲ್ಲದಿದ್ದರೆ ಅದೇ ಸೇವಾದಾರರ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು, ಅದಕ್ಕೆ ಶುಲ್ಕವಿಲ್ಲ. ಮೇಲ್ಮನವಿಯಲ್ಲಿ ಡಾಕೆಟ್ ಸಂಖ್ಯೆ, ಹಳೆಯ ಮತ್ತು ಈಗಿನ ಆಪ್ಟಿಕಲ್ ಪವರ್, ಲಾಗ್ ಪುಟದ ಚಿತ್ರ, ಸಂಪರ್ಕ ಕಡಿದ ದಿನ ಮತ್ತು ಹೊತ್ತುಗಳ ಪಟ್ಟಿ, ಇಷ್ಟನ್ನು ಲಗತ್ತಿಸಿ.